ಗುತ್ತಿಗೆಗೆ ಮೊದಲು ಕೇಳಬೇಕಿತ್ತು

ರೈಲು ಭೂ ಅಭಿವೃದ್ಧಿ ಪ್ರಾಧಿಕಾರದ ಮಾನ್ಯ ಸದಸ್ಯರಿಗೆ,

ಬೆಂಗಳೂರಿನ ದಂಡು (ಕಂಟೋನ್ಮೆಂಟ್) ರೈಲು ನಿಲ್ದಾಣದ ಮಗ್ಗುಲಿಗೆ, ವಸಂತನಗರಕ್ಕೆ ಸೇರಿದಂತಿರುವ ಕಂಟೋನ್ಮೆಂಟ್ ರೈಲ್ವೆ ಕಾಲೊನಿಯ 8.61 ಎಕರೆ ನೆಲವನ್ನು ದೀರ್ಘಾವಧಿ ಗುತ್ತಿಗೆಗೆ ಕೊಟ್ಟು ಅಲ್ಲಿ ವಾಣಿಜ್ಯ ಕಟ್ಟಡ ಎಬ್ಬಿಸುವ ಯೋಜನೆಯ ಬಗ್ಗೆ ಈ ಪತ್ರ. ಸುತ್ತಲಿನ ಬಹುಪಾಲು ಜನಕ್ಕೆ ಈ ಯೋಜನೆ ಗೊತ್ತಾದದ್ದು 2025ರ ಏಪ್ರಿಲ್‌ನಲ್ಲಿ. ಆ ಜಾಗದ 368 ಮರಗಳನ್ನು ಕಡಿಯಲು ಅನುಮತಿ ಕೇಳಿದ್ದಾರೆ, ಆಕ್ಷೇಪಣೆಗಳಿದ್ದರೆ ತಿಳಿಸಿ ಎಂದು ಬಿಬಿಎಂಪಿಯ ಅರಣ್ಯ ವಿಭಾಗ ಸಾರ್ವಜನಿಕ ಪ್ರಕಟಣೆ ಹೊರಡಿಸಿದಾಗ. ಅಲ್ಲಿಂದೀಚೆಗೆ ಮಾತೆಲ್ಲ ಮರಗಳ ಸುತ್ತಲೇ ನಡೆದಿದೆ. ಮರಗಳ ಮೇಲಿನ ಪ್ರೀತಿಯಿಂದ ಬೀದಿಗಿಳಿದವರ ಬಗ್ಗೆ ನನಗೆ ಗೌರವವಿದೆ, ನಾನೂ ಅವರ ಪರವೇ. ಆದರೆ ನಿಮ್ಮ ಮುಂದೆ ಇಡಬೇಕಾದ ವಾದ ಮರದ ಲೆಕ್ಕಕ್ಕಿಂತ ಹಿಂದಿನದು. ಊರಿನ ನಡುವಿನ ಸಾರ್ವಜನಿಕ ಭೂಮಿಯೊಂದನ್ನು ಏನು ಮಾಡಬೇಕೆಂಬ ಪ್ರಶ್ನೆಯನ್ನು ಅಲ್ಲಿನ ಜನಕ್ಕೆ ನೀವು ಕೇಳಲೇ ಇಲ್ಲ. ಎಲ್ಲ ತೀರ್ಮಾನವಾದ ಮೇಲೆ, ಗರಗಸ ಹಾಕುವ ಹೊತ್ತಿಗೆ, ಕಾನೂನು ಬಿಡಲಿಲ್ಲವೆಂದು ಒಂದೇ ಒಂದು ಪ್ರಶ್ನೆ ನಮ್ಮ ತನಕ ಬಂತು. ಈ ಕ್ರಮ ತಲೆಕೆಳಗಾಗಿದೆ. ಅದನ್ನು ಸರಿಪಡಿಸುವ ಅಧಿಕಾರ ನಿಮ್ಮ ಕೈಯಲ್ಲೇ ಇದೆ ಎಂಬ ಕಾರಣಕ್ಕೆ ಈ ಪತ್ರವನ್ನು ನಿಮಗೇ ಬರೆಯುತ್ತಿದ್ದೇನೆ.

ಕ್ರಮ ತಲೆಕೆಳಗಾಗಿದೆ ಎಂದೆ. ಇದು ಸಿಟ್ಟಿನ ಮಾತಲ್ಲ, ಕಾನೂನಿನ ಪುಟಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಯಾರಿಗಾದರೂ ಕಾಣುವ ಸಂಗತಿ. ಖಾಸಗಿ ಆಸ್ತಿಯೊಂದರಲ್ಲಿ ವಸತಿ ಬಳಕೆಯನ್ನು ವಾಣಿಜ್ಯಕ್ಕೆ ಬದಲಿಸಬೇಕಾದರೆ ಯೋಜನಾ ಪ್ರಾಧಿಕಾರಕ್ಕೆ ಅರ್ಜಿ, ಪತ್ರಿಕಾ ಪ್ರಕಟಣೆ, ಅಕ್ಕಪಕ್ಕದವರ ತಕರಾರು ಎಂದೆಲ್ಲ ಒಂದು ದಾರಿ ಇದೆ. ರೈಲ್ವೆ ಭೂಮಿಯ ವಿಷಯದಲ್ಲಿ ಮೊದಲ ತೀರ್ಮಾನಗಳೆಲ್ಲ ಬೇರೆಡೆ ಆಗುತ್ತವೆ. 2005ರಲ್ಲಿ ರೈಲ್ವೆ ಕಾಯ್ದೆಗೆ ತಿದ್ದುಪಡಿ ತಂದು ನಿಮ್ಮ ಪ್ರಾಧಿಕಾರವನ್ನು ಸೃಷ್ಟಿಸಿದ್ದೇ ಟಿಕೆಟ್ ಮತ್ತು ಸರಕು ಸಾಗಣೆ ದರದ ಆಚೆಗೆ ರೈಲ್ವೆಗೆ ಆದಾಯ ತರಲು. ಯಾವ ಜಾಗವನ್ನು ನಿಮಗೆ ಒಪ್ಪಿಸಬೇಕು, ಅದನ್ನು ಎಷ್ಟು ವರ್ಷಕ್ಕೆ, ಯಾರಿಗೆ, ಯಾವ ಕರಾರಿನ ಮೇಲೆ ಕೊಡಬೇಕು ಎಂಬ ಒಂದೊಂದು ಹಂತವೂ ಕಡತದಲ್ಲೇ ನಡೆಯುತ್ತದೆ. ಇನ್ನು ಪರಿಸರ ಅನುಮತಿ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ 20,000 ಚದರ ಮೀಟರ್‌ಗಿಂತ ದೊಡ್ಡ ಕಟ್ಟಡಕ್ಕೆ ಅನುಮತಿ ಬೇಕು, ನಿಜ. ಆದರೆ ಅದೇ ಅಧಿಸೂಚನೆ ಕಟ್ಟಡ ನಿರ್ಮಾಣ ಯೋಜನೆಗಳಿಗೆ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ಕೊಟ್ಟಿದೆ. ಗಣಿಗೆ, ಕಾರ್ಖಾನೆಗೆ ಊರಿನವರನ್ನು ಕೂರಿಸಿ ಕೇಳಬೇಕು. ಊರಿನ ನಡುವೆಯೇ ಏಳುವ ಸಾವಿರಾರು ಜನರ ಕಚೇರಿ ಸಮುಚ್ಚಯಕ್ಕೆ ಕೇಳಬೇಕಿಲ್ಲ. ಕೊನೆಗೆ ಉಳಿಯುವುದು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ. ಐವತ್ತಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ವೃಕ್ಷಾಧಿಕಾರಿ ಜನರ ಆಕ್ಷೇಪಣೆ ಕರೆಯಲೇಬೇಕು ಎನ್ನುತ್ತದೆ ಅದು. ಆ ಜಾಗದಲ್ಲಿ ನಲವತ್ತೇ ಮರಗಳಿದ್ದಿದ್ದರೆ ನಮಗೆ ಆ ಬಾಗಿಲೂ ಇರುತ್ತಿರಲಿಲ್ಲ.

ಆ ಬಾಗಿಲಿನಿಂದ ಒಳಗೆ ಹೋದವರಿಗೆ ಸಿಗುವುದಾದರೂ ಏನು? ವೃಕ್ಷಾಧಿಕಾರಿಗೆ ಕಾಯ್ದೆ ಕೊಟ್ಟ ಅಧಿಕಾರ ಮರಕ್ಕೆ ಸಂಬಂಧಿಸಿದ್ದು. ಯಾವ ಮರ ಉಳಿಸಬಹುದು, ಯಾವುದನ್ನು ಬೇರೆಡೆ ನೆಡಬಹುದು, ಬದಲಿಗೆ ಎಷ್ಟು ಸಸಿ ನೆಡಬೇಕು ಎಂದು ಅವರು ಹೇಳಬಹುದು. ಪಕ್ಕದ ಮಿಲ್ಲರ್ಸ್ ರಸ್ತೆಯಲ್ಲಿ ಸಂಜೆ ಎಷ್ಟು ವಾಹನ ಹಿಡಿಸುತ್ತದೆ, ಈ ಕಟ್ಟಡಕ್ಕೆ ನೀರು ಎಲ್ಲಿಂದ, ಮಳೆ ಬಂದರೆ ಎತ್ತ ಹರಿಯುತ್ತದೆ ಎಂದು ಕೇಳಿದರೆ ಅದು ತಮ್ಮ ವ್ಯಾಪ್ತಿಯಲ್ಲಿಲ್ಲ ಎಂದು ಅವರು ಪ್ರಾಮಾಣಿಕವಾಗಿಯೇ ಹೇಳಬಹುದು. ಹಾಗಾದರೆ ಯಾರ ವ್ಯಾಪ್ತಿ? ವಾರ್ಡಿನ ಕಾರ್ಪೊರೇಟರ್ ಬಳಿ ಹೋಗೋಣವೆಂದರೆ ಬಿಬಿಎಂಪಿ ಕೌನ್ಸಿಲ್‌ನ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಮರ ಕಡಿಯುವ ಪ್ರಕಟಣೆ ಬಂದ 2025ರ ಏಪ್ರಿಲ್‌ನಲ್ಲಿ ಇಡೀ ನಗರಕ್ಕೆ ಆಯ್ಕೆಯಾದ ಒಬ್ಬ ಕಾರ್ಪೊರೇಟರೂ ಇರಲಿಲ್ಲ. ಆಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಪಾಲಿಕೆ ಐದಾಯಿತು, ವಸಂತನಗರ ಕೇಂದ್ರ ಪಾಲಿಕೆಗೆ ಸೇರಿತು. ಹೀಗೆ ಆಡಳಿತದ ಬೋರ್ಡುಗಳು ಬದಲಾಗುತ್ತಿದ್ದ ಕಾಲದಲ್ಲೇ ಈ ಯೋಜನೆ ಮುಂದೆ ಸಾಗಿದೆ. ನೆರೆಹೊರೆಯವರ ಪರವಾಗಿ ಕಡತ ತೆರೆದು ನೋಡಬಲ್ಲ ಚುನಾಯಿತ ಸ್ಥಳೀಯ ಪ್ರತಿನಿಧಿಯೇ ಇಲ್ಲದ ಹೊತ್ತಿನಲ್ಲಿ, ಜನರನ್ನು ನೇರವಾಗಿ ಕೇಳುವ ಹೊಣೆ ನಿಮ್ಮಂಥ ಸಂಸ್ಥೆಗಳ ಮೇಲೆ ಇನ್ನಷ್ಟು ಬೀಳುತ್ತದೆ ಎಂದು ನಾನು ನಂಬುತ್ತೇನೆ.

ಕೇಳಿದ್ದರೆ ಏನು ಹೇಳುತ್ತಿದ್ದರು? ಕಟ್ಟಡದ ನಕ್ಷೆ ಜನರ ಮುಂದಿಲ್ಲದ ಕಾರಣ ನಾನೇ ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ತಪ್ಪಿದ್ದರೆ ನಿಮ್ಮ ಅಂಕಿಗಳಿಂದ ತಿದ್ದಿ. 8.61 ಎಕರೆ ಎಂದರೆ ಸುಮಾರು 34,800 ಚದರ ಮೀಟರ್. ನೆಲದ ಎರಡೂವರೆ ಪಟ್ಟು ಕಟ್ಟುತ್ತಾರೆ ಎಂದಿಟ್ಟುಕೊಳ್ಳೋಣ, ಊರ ನಡುವಿನ ವಾಣಿಜ್ಯ ಕಟ್ಟಡಕ್ಕೆ ಇದು ಅತಿಯಾದ ಊಹೆಯಲ್ಲ. ಆಗ 87,000 ಚದರ ಮೀಟರ್ ಕಟ್ಟಡವಾಗುತ್ತದೆ. ಐವತ್ತು ಚದರ ಮೀಟರಿಗೆ ಒಂದು ಕಾರಿನ ಜಾಗ ಎಂದು ಹಿಡಿದರೆ 1,740 ಕಾರುಗಳು. ಸ್ಕೂಟರು, ಬೈಕು, ಕ್ಯಾಬು, ಊಟ-ಸರಕು ತರುವ ಗಾಡಿಗಳು ಇದರಲ್ಲಿ ಸೇರಿಲ್ಲ. ಇಷ್ಟೂ ವಾಹನ ಬೆಳಿಗ್ಗೆ ಎರಡು ಗಂಟೆಯ ಅಂತರದಲ್ಲಿ ಒಳಗೆ ಹೋಗಬೇಕು, ಸಂಜೆ ಅಷ್ಟೇ ಹೊತ್ತಿನಲ್ಲಿ ಹೊರಗೆ ಬರಬೇಕು. ಆ ಕಡೆ ಕನ್ನಿಂಗ್‌ಹ್ಯಾಂ ರಸ್ತೆ, ಕ್ವೀನ್ಸ್ ರಸ್ತೆ, ಈ ಕಡೆ ಜಯಮಹಲ್, ಬೆನ್ಸನ್ ಟೌನ್, ನಡುವೆ ಹಳಿ. ಹಳಿ ದಾಟಲು ಇರುವುದು ಬೆರಳೆಣಿಕೆಯ ಕೆಳಸೇತುವೆಗಳು. ರಸ್ತೆ ಅಗಲಿಸೋಣವೆಂದರೆ ಎರಡೂ ಬದಿಯಲ್ಲಿ ಮನೆ, ಶಾಲೆ, ಆಸ್ಪತ್ರೆ. ಶಿವಾಜಿನಗರದ ಕಡೆಯಿಂದ ಬರುವ ಆ್ಯಂಬುಲೆನ್ಸ್ ಕೂಡ ಇದೇ ದಾರಿಯಲ್ಲಿ ಬರಬೇಕು. ರೈಲು ಹಿಡಿಯಲು ಹೊರಟವರೂ ಇದೇ ದಾರಿಯವರು. ಅಂದರೆ ನಿಮ್ಮ ಯೋಜನೆಯ ಮೊದಲ ತೊಂದರೆ ನಿಮ್ಮದೇ ಪ್ರಯಾಣಿಕರಿಗೆ.

1,740 ಕಾರಿನ ಲೆಕ್ಕಕ್ಕೆ ಇನ್ನೊಂದು ಮುಖವಿದೆ. ಅದರ ಬಗ್ಗೆ ಯಾರೂ ಹೆಚ್ಚು ಮಾತಾಡಿಲ್ಲ. ಓಡಾಡುವ ದಾರಿಯೂ ಸೇರಿ ಒಂದು ಕಾರಿಗೆ ಬೇಸ್‌ಮೆಂಟಿನಲ್ಲಿ ಮೂವತ್ತು ಚದರ ಮೀಟರ್ ಬೇಕು ಎಂದುಕೊಂಡರೂ 52,000 ಚದರ ಮೀಟರ್ ದಾಟುತ್ತದೆ, ಅಂದರೆ ಇಡೀ ಜಾಗದ ಒಂದೂವರೆ ಪಟ್ಟು. ಕಾರು ನಿಲ್ಲಿಸಲಿಕ್ಕೇ ಎರಡು, ಮೂರು ಅಂತಸ್ತು ಆಳಕ್ಕೆ, ಹೆಚ್ಚುಕಡಿಮೆ ಬೇಲಿಯಿಂದ ಬೇಲಿಗೆ ಅಗೆಯಬೇಕು. ಹಾಗೆ ಅಗೆದ ಮೇಲೆ ಆ ಜಾಗದಲ್ಲಿ ಮಣ್ಣು ಎಂಬುದೇ ಉಳಿಯುವುದಿಲ್ಲ. ಕೆಲವು ಮರ ಉಳಿಸಿಕೊಳ್ಳುತ್ತೇವೆ, ಹಸಿರು ವಿನ್ಯಾಸ ಮಾಡುತ್ತೇವೆ ಎಂಬ ಭರವಸೆ ಇಂಥ ಎಲ್ಲ ಯೋಜನೆಗಳಲ್ಲೂ ಇರುತ್ತದೆ. ದೊಡ್ಡದೊಂದು ಮಳೆಮರದ ಕೆಳಗೆ ಹೋಗಿ ನೆಲ ನೋಡಿದರೆ ಆ ಭರವಸೆಯ ಬೆಲೆ ತಿಳಿಯುತ್ತದೆ. ಬೇರುಗಳು ಕೊಡೆಯ ಅಂಚಿನಾಚೆಗೂ ಚಾಚಿರುತ್ತವೆ, ಮೇಲ್ಮಣ್ಣಿನ ಹತ್ತಿರವೇ ಹರಡಿರುತ್ತವೆ; ಉದುರಿದ ಎಲೆ ಪದರಪದರವಾಗಿ ಕೊಳೆತು ನೆಲ ಕಾಲಿಟ್ಟರೆ ಮೆತ್ತಗಿರುತ್ತದೆ; ಜೋರು ಮಳೆಯಲ್ಲಿ ಮೊದಲ ಹನಿಗಳು ಎಲೆಯಲ್ಲೇ ನಿಂತು, ಕಾಂಡದ ಮೇಲೆ ಇಳಿದು, ಆ ಮೆತ್ತನೆಯ ಪದರಕ್ಕೆ ಸೇರಿ ನಿಧಾನವಾಗಿ ಕೆಳಗಿಳಿಯುತ್ತವೆ. ಬೇಸ್‌ಮೆಂಟಿನ ಚಾವಣಿಯ ಮೇಲೆ ಮೂರು ಅಡಿ ಮಣ್ಣು ಸುರಿದು ನೆಟ್ಟ ಗಿಡ ಎಷ್ಟೇ ಚೆಂದವಾಗಿದ್ದರೂ ಈ ಕೆಲಸ ಮಾಡಲಾರದು. ಅದರ ಕೆಳಗೆ ಇರುವುದು ಕಾಂಕ್ರೀಟು.

ನೀರಿನ ಮಾತು ಇಲ್ಲಿಂದಲೇ ಶುರುವಾಗುತ್ತದೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬೀಳುತ್ತದೆ. ಈ 8.61 ಎಕರೆಯ ಮೇಲೆ ಬೀಳುವ ಪಾಲು ಮೂರೂಕಾಲು ಕೋಟಿ ಲೀಟರಿಗಿಂತ ಹೆಚ್ಚು. ಇಂದು ಅದರಲ್ಲಿ ಒಂದಷ್ಟು ನೆಲಕ್ಕೆ ಇಂಗುತ್ತದೆ. 2022ರ ಸೆಪ್ಟೆಂಬರ್ 4-5ರ ರಾತ್ರಿ ನಗರದಲ್ಲಿ 131.6 ಮಿಲಿಮೀಟರ್ ಸುರಿಯಿತು. ಅಂಥ ಒಂದು ರಾತ್ರಿ ಈ ಜಾಗವೊಂದರ ಮೇಲೇ ಬೀಳುವ ನೀರು ಸುಮಾರು 46 ಲಕ್ಷ ಲೀಟರ್. ನೆಲ ಮುಚ್ಚಿದರೆ ಅದು ರಸ್ತೆಗೆ, ಚರಂಡಿಗೆ, ತಗ್ಗಿನ ಕೆಳಸೇತುವೆಗೆ ನುಗ್ಗುತ್ತದೆ. 2023ರ ಮೇ 21ರಂದು ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಒಂದು ಸಂಜೆಯ ಮಳೆಗೆ ನೀರು ತುಂಬಿ, ಕಾರಿನಲ್ಲಿ ಸಿಲುಕಿದ ಯುವತಿಯೊಬ್ಬಳು ಸತ್ತುಹೋದಳು. ಅದು ಇಲ್ಲಿಂದ ದೂರದ ಜಾಗವೇನಲ್ಲ. ಈ ಪ್ರದೇಶದ ಇತಿಹಾಸವೂ ಎಚ್ಚರಿಸುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ದಂಡಿನ ನೀರಿನ ಅಗತ್ಯಕ್ಕೆ ಸ್ಯಾಂಕಿ ಕೆರೆ, ಮಿಲ್ಲರ್ಸ್ ಕೆರೆಗಳನ್ನು ಒಂದಕ್ಕೊಂದು ಪೋಣಿಸಿದ್ದರು. ಮಿಲ್ಲರ್ಸ್ ಕೆರೆಯ ಅಂಗಳದಲ್ಲಿ ಇಂದು ಭವನಗಳಿವೆ, ಕೆರೆ ಇದ್ದದ್ದಕ್ಕೆ ಗುರುತಾಗಿ ಉಳಿದದ್ದು ಮಿಲ್ಲರ್ಸ್ ಟ್ಯಾಂಕ್ ಬಂಡ್ ರಸ್ತೆಯ ಹೆಸರು. ಕೆರೆ ಹೋದರೂ ನೆಲದ ಇಳಿಜಾರು ಹೋಗಲಿಲ್ಲ, ನೀರು ಹಳೆಯ ದಾರಿಯನ್ನೇ ಹುಡುಕುತ್ತದೆ.

ಇದು ಬರುವ ನೀರಿನ ಮಾತಾಯಿತು. ಬೇಕಾಗುವ ನೀರಿನ ಲೆಕ್ಕ ಬೇರೆ. ಕಚೇರಿಗೆ ಒಬ್ಬರಿಗೆ ದಿನಕ್ಕೆ 45 ಲೀಟರ್ ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಹತ್ತು ಚದರ ಮೀಟರಿಗೆ ಒಬ್ಬರಂತೆ 8,700 ಜನ ಕೆಲಸ ಮಾಡಿದರೆ ದಿನಕ್ಕೆ ಸುಮಾರು 3.9 ಲಕ್ಷ ಲೀಟರ್. ಹನ್ನೆರಡು ಸಾವಿರ ಲೀಟರಿನ ಸುಮಾರು ಮೂವತ್ತಮೂರು ಟ್ಯಾಂಕರ್. 2024ರ ಬೇಸಿಗೆಯಲ್ಲಿ ನಗರದ 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಉಪಮುಖ್ಯಮಂತ್ರಿಗಳೇ ಹೇಳಿದ್ದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಚಾಲನೆಯಾದ ಕಾವೇರಿ ಐದನೇ ಹಂತದ ನೀರು ಮುಖ್ಯವಾಗಿ ಹೊರವಲಯದ 110 ಹಳ್ಳಿಗಳಿಗೆಂದು ತಂದದ್ದು. ಮಳೆನೀರನ್ನು ಇಂಗಲು ಬಿಡದ, ಬೇಸ್‌ಮೆಂಟ್ ಒಣಗಿಸಲು ಅಂತರ್ಜಲವನ್ನೂ ಪಂಪ್ ಹಾಕಿ ಹೊರಚೆಲ್ಲುವ, ಆಮೇಲೆ ಕುಡಿಯಲು ಕಾವೇರಿಯನ್ನೇ ಕೇಳುವ ಕಟ್ಟಡವೊಂದಕ್ಕೆ ಸುತ್ತಲಿನ ಬೀದಿಗಳ ನಲ್ಲಿಯ ನೀರಿನಲ್ಲಿ ಎಷ್ಟು ಪಾಲು ಹೋಗುತ್ತದೆ ಎಂದು ಮೊದಲೇ ತಿಳಿಯುವ ಹಕ್ಕು ಆ ಬೀದಿಯವರಿಗಿಲ್ಲವೇ?

ಬಿಸಿಲಿನ ಮಾತನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಪರಿಸರ ಸಂಶೋಧಕಿ ಹರಿಣಿ ನಾಗೇಂದ್ರ ಮತ್ತು ಸಹೋದ್ಯೋಗಿಗಳು ಬೆಂಗಳೂರಿನ ರಸ್ತೆಗಳಲ್ಲೇ ಅಳೆದು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮರವಿರುವ ರಸ್ತೆಯ ಭಾಗದಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣಾಂಶ ಮರವಿಲ್ಲದ ಭಾಗಕ್ಕಿಂತ 5.6 ಡಿಗ್ರಿಯವರೆಗೆ, ಡಾಂಬರಿನ ಮೇಲ್ಮೈ ಉಷ್ಣಾಂಶ 27.5 ಡಿಗ್ರಿಯವರೆಗೆ ಕಡಿಮೆ ಇತ್ತು. ಅದು ಸಾಲುಮರಗಳ ಲೆಕ್ಕ. ಒಂದೇ ಕಡೆ ಗುಂಪಾಗಿರುವ ಮುನ್ನೂರ ಅರವತ್ತಕ್ಕೂ ಹೆಚ್ಚು ಮರ ಸುತ್ತಲಿನ ಮನೆಗಳಿಗೆ, ರಸ್ತೆ ಬದಿ ಹಣ್ಣು ಮಾರುವವರಿಗೆ, ಸ್ಟ್ಯಾಂಡಿನಲ್ಲಿ ಕಾಯುವ ಆಟೊದವರಿಗೆ ಏನು ಮಾಡುತ್ತಿವೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಏರ್ ಕಂಡೀಷನರ್ ಇಲ್ಲದವರಿಗೆ ಮರ ಅಲಂಕಾರವಲ್ಲ.

ಈಗ ನಿಮ್ಮ ಕಡೆಯ ವಾದಗಳಿಗೆ ಬರುತ್ತೇನೆ. ಅವುಗಳಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಮೊದಲನೆಯದು, ರೈಲ್ವೆಗೆ ಹಣ ಬೇಕು, ಜಾಗ ಸುಮ್ಮನೆ ಬಿದ್ದಿದೆ, ಕ್ವಾರ್ಟರ್ಸ್ ಹಳೆಯವು, ಪ್ರಯಾಣ ದರ ಏರಿಸದೆ ಆದಾಯ ತರುವುದು ತಪ್ಪೇ ಎಂಬುದು. ತಪ್ಪಲ್ಲ. ಆದರೆ ಭಾರತೀಯ ರೈಲ್ವೆಯ ವರ್ಷದ ಒಟ್ಟು ಆದಾಯ ಎರಡೂವರೆ ಲಕ್ಷ ಕೋಟಿ ರೂಪಾಯಿ ದಾಟಿದೆ. ಎಂಟೂವರೆ ಎಕರೆಯ ಗುತ್ತಿಗೆಯಿಂದ ಬರುವುದು ಆ ಮೊತ್ತದಲ್ಲಿ ಎಷ್ಟರ ಪಾಲು, ಮತ್ತು ದಶಕಗಳ ಕಾಲ ಕೈಬಿಟ್ಟುಹೋಗುವ ನೆಲದ ಬೆಲೆ ರೈಲ್ವೆಗೇ ಎಷ್ಟು ಎಂದು ತೂಗಿ ನೋಡಬೇಕು. ಈ ನೆಲ ಸುಮ್ಮನೆ ಬಿದ್ದದ್ದು ಎಂಬ ಮಾತನ್ನು ನಾನು ಒಪ್ಪಲಾರೆ. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರಿಗೆ ಮೊದಲ ರೈಲು ಬಂದದ್ದು ದಂಡು ನಿಲ್ದಾಣಕ್ಕೆ. ಅಂದಿನಿಂದ ಇದು ರೈಲಿನ ನೆಲ. 2022ರ ಜೂನ್ 20ರಂದು ಪ್ರಧಾನಿಯವರು ಬೆಂಗಳೂರಿನಲ್ಲಿ ಉಪನಗರ ರೈಲು ಯೋಜನೆಗೆ ಶಂಕುಸ್ಥಾಪನೆ ಮಾಡಿದರು, ಅದೇ ದಿನ ಕಂಟೋನ್ಮೆಂಟ್ ನಿಲ್ದಾಣದ ಪುನರಾಭಿವೃದ್ಧಿಗೂ ಅಡಿಗಲ್ಲು ಬಿತ್ತು. ಉಪನಗರ ಯೋಜನೆಯ ಪಾರಿಜಾತ ಮಾರ್ಗ ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ಹೋಗುವುದು ಈ ನಿಲ್ದಾಣದ ಮೂಲಕವೇ. ಕಂಟೋನ್ಮೆಂಟ್‌ನಿಂದ ವೈಟ್‌ಫೀಲ್ಡ್‌ಗೆ ಹಳಿಗಳನ್ನು ನಾಲ್ಕಕ್ಕೆ ಏರಿಸುವ ಕೆಲಸವನ್ನೂ ಕೈಗೆತ್ತಿಕೊಂಡಾಗಿದೆ. ಮೆಜೆಸ್ಟಿಕ್‌ನಲ್ಲಿ, ಯಶವಂತಪುರದಲ್ಲಿ ರೈಲಿಗೆ ಜಾಗ ಸಾಲದೆ ಬೈಯಪ್ಪನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಕಟ್ಟಬೇಕಾಯಿತು, 2022ರಲ್ಲಿ ಅಲ್ಲಿಂದ ರೈಲು ಓಡತೊಡಗಿದವು. ಹೊಸ ಪ್ಲಾಟ್‌ಫಾರಂ, ಬಸ್ಸು ಬಂದು ತಿರುಗುವ ಅಂಗಳ, ಉಪನಗರ ರೈಲಿನ ಪ್ರಯಾಣಿಕರು ಹೊರಗೆ ಬರುವ ದಾರಿ, ಓಡಿಸುವ ಸಿಬ್ಬಂದಿಗೆ ಹತ್ತಿರದಲ್ಲಿ ವಸತಿ: ಮುಂದಿನ ಮೂವತ್ತು ವರ್ಷದಲ್ಲಿ ಇವೆಲ್ಲ ಕೇಳುವ ನಿಲ್ದಾಣದ ಪಕ್ಕದ ನೆಲ ರೈಲ್ವೆಗೆ ಬೇಡ ಎಂದು ತೀರ್ಮಾನಿಸಿದವರು ಯಾರು? ಯಾವ ಅಧ್ಯಯನದ ಮೇಲೆ? ರೈಲು ಓಡಿಸಲು ಬೇಕಾಗದ ಭೂಮಿಯನ್ನು ಮಾತ್ರ ವಾಣಿಜ್ಯಕ್ಕೆ ಬಳಸುವುದು ನಿಮ್ಮದೇ ನೀತಿ. ಹಾಗಾದರೆ ಈ ಭೂಮಿ ಬೇಕಾಗಿಲ್ಲ ಎಂದು ಬರೆದುಕೊಟ್ಟ ಟಿಪ್ಪಣಿಯನ್ನು ಜನರ ಮುಂದಿಡಿ. ಆದಾಯವೇ ಬೇಕಿದ್ದರೆ ಪುನರಾಭಿವೃದ್ಧಿಯಾಗುವ ನಿಲ್ದಾಣದ ಕಟ್ಟಡದಲ್ಲೇ, ಈಗಾಗಲೇ ಕಾಂಕ್ರೀಟಾಗಿರುವ ನೆಲದ ಮೇಲೇ ಅಂಗಡಿ, ಕಚೇರಿಗೆ ಎಷ್ಟು ಅವಕಾಶವಿದೆ ಎಂದು ಮೊದಲು ನೋಡುವುದು ನ್ಯಾಯ.

ಎರಡನೆಯ ವಾದ ಓದಿಕೊಂಡ ನಗರ ಯೋಜಕರದ್ದು, ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಕಚೇರಿಗಳು ಊರಾಚೆ ಹರಡುವುದಕ್ಕಿಂತ ರೈಲು, ಮೆಟ್ರೊ ನಿಲ್ದಾಣದ ಪಕ್ಕದಲ್ಲೇ ದಟ್ಟವಾಗಿ ಎದ್ದರೆ ಕಾರು ಕಡಿಮೆಯಾಗುತ್ತದೆ, ಕೆರೆ-ಹೊಲ ಉಳಿಯುತ್ತದೆ ಎನ್ನುತ್ತಾರೆ. ತತ್ವವಾಗಿ ನಾನಿದನ್ನು ಒಪ್ಪುತ್ತೇನೆ. ಹೊರವರ್ತುಲ ರಸ್ತೆಯ ಗತಿ ನೋಡಿದ ಯಾರಾದರೂ ಒಪ್ಪಿಯಾರು. ಆದರೆ ಈ ಜಾಗಕ್ಕೆ ಆ ತತ್ವವನ್ನು ಹಚ್ಚಿ ನೋಡಿ. ಗುಲಾಬಿ ಮಾರ್ಗದ ಸುರಂಗ ಮೆಟ್ರೊ ನಿಲ್ದಾಣ ಮೊದಲ ಯೋಜನೆಯಲ್ಲಿ ಕಂಟೋನ್ಮೆಂಟ್ ರೈಲು ನಿಲ್ದಾಣದ ಬಳಿಯೇ ಇತ್ತು. ಅದನ್ನು ಆಮೇಲೆ ಬ್ಯಾಂಬೂ ಬಜಾರ್ ಮೈದಾನದ ಕಡೆಗೆ ಸರಿಸಿದರು. ರೈಲಿಳಿದು ಮೆಟ್ರೊ ಹತ್ತುವವರಿಗೆ ಇದರಿಂದ ತೊಂದರೆ ಎಂದು ನಾಗರಿಕರು ಆಗಲೇ ಗಟ್ಟಿಯಾಗಿ ಹೇಳಿದರು, ಮಾತು ನಡೆಯಲಿಲ್ಲ. ರೈಲು ಮತ್ತು ಮೆಟ್ರೊಗಳನ್ನು ಒಂದೇ ಸೂರಿನಡಿ ತರುವ ಅವಕಾಶವನ್ನು ಕೈಬಿಟ್ಟ ಮೇಲೆ, ಸಾರಿಗೆಯ ಹೆಸರಿನಲ್ಲಿ ಅಲ್ಲಿ ದಟ್ಟ ಕಟ್ಟಡ ಸಮರ್ಥಿಸುವುದು ನಿಲ್ಲದ ವಾದ. ನಿಜವಾಗಿಯೂ ಸಾರಿಗೆಯನ್ನು ನಂಬಿದ ಕಟ್ಟಡವಾದರೆ ಕಾರಿಗೆ ಬೇಸ್‌ಮೆಂಟೇ ಇಲ್ಲದ ನಕ್ಷೆ ತಂದು ತೋರಿಸಿ, ಚರ್ಚೆ ಬೇರೆ ದಾರಿ ಹಿಡಿಯುತ್ತದೆ.

ಒಂದು ಮರಕ್ಕೆ ಹತ್ತು ಸಸಿ ನೆಡುತ್ತೇವೆ ಎಂಬ ಮೂರನೆಯ ವಾದಕ್ಕೆ ಹೆಚ್ಚು ಜಾಗ ಕೊಡಲಾರೆ. ಬದಲಿ ಸಸಿಗಳನ್ನು ನೆಡುವುದು ಎಲ್ಲಿ ಜಾಗ ಸಿಗುತ್ತದೋ ಅಲ್ಲಿ, ಸಾಮಾನ್ಯವಾಗಿ ಊರಾಚೆ. ವಸಂತನಗರದ ನೆರಳು ಹೋಗಿ ಹೊರವಲಯದಲ್ಲೊಂದು ಟ್ರೀ ಗಾರ್ಡ್ ಬಂದರೆ ಲೆಕ್ಕಪುಸ್ತಕ ಸರಿಹೋಗಬಹುದು. ಮೊದಲೆರಡು ಬೇಸಿಗೆಗೆ ನೀರು ಹಾಕುವವರಿಲ್ಲದೆ ಆ ಟ್ರೀ ಗಾರ್ಡಿನೊಳಗೆ ಒಣಗಿದ ಕಡ್ಡಿ ನಿಂತಿರುವುದನ್ನು ಬೆಂಗಳೂರಿನವರು ಬೇಕಾದಷ್ಟು ನೋಡಿದ್ದಾರೆ. ಬದುಕಿದ ಸಸಿಗೂ ಇಂದಿನ ಮರದಷ್ಟು ಕೊಡೆ ಬಿಚ್ಚಲು ದಶಕಗಳೇ ಬೇಕು. ಇಂದು ಆ ನೆರಳಲ್ಲಿ ಓಡಾಡುವ ಮುದುಕರು ಅಷ್ಟು ಕಾಯಲಾರರು.

ನಾಲ್ಕನೆಯ ಮಾತು ನೋಯಿಸುವಂಥದು: ಇವರು ತಮ್ಮ ಮನೆ ಮುಂದೆ ಬೇಡ ಎನ್ನುವ ಉಳ್ಳವರು, ಊರಿಗೆ ಉದ್ಯೋಗ ಬರುವುದನ್ನು ತಡೆಯುತ್ತಾರೆ ಎಂಬುದು. ಕನ್ನಿಂಗ್‌ಹ್ಯಾಂ ರಸ್ತೆಯ ಅಪಾರ್ಟ್‌ಮೆಂಟಿನವರು ಮಾತ್ರ ಈ ನೆಲದ ನೆರೆಯವರಲ್ಲ. ಶಿವಾಜಿನಗರದ ಸಣ್ಣ ಮನೆಗಳವರು, ರಸೆಲ್ ಮಾರುಕಟ್ಟೆಗೆ ಸರಕು ಹೊರುವವರು, ನಿಲ್ದಾಣದ ಕೂಲಿಗಳು, ದಿನವೂ ಬಂಗಾರಪೇಟೆ, ಕುಪ್ಪಂ ಕಡೆಯಿಂದ ರೈಲಿನಲ್ಲಿ ಬಂದು ಇಳಿಯುವ ಕೆಲಸಗಾರರು, ಇವರೆಲ್ಲ ನೆರೆಯವರೇ. ಹೊಸ ಕಚೇರಿಗಳ ಉದ್ಯೋಗ ಇವರಲ್ಲಿ ಎಷ್ಟು ಮಂದಿಗೆ ಸಿಗುತ್ತದೆ, ರಸ್ತೆ ಕಟ್ಟಿಕೊಂಡರೆ ಇವರ ದಿನಗೂಲಿಯ ಎಷ್ಟು ಹೊತ್ತು ಹಾಳಾಗುತ್ತದೆ ಎಂಬುದನ್ನೂ ತಕ್ಕಡಿಗೆ ಹಾಕಬೇಕು. ನಾವು ಕೇಳುತ್ತಿರುವುದು ಏನೂ ಮಾಡಬೇಡಿ ಎಂದಲ್ಲ. ಸಾರ್ವಜನಿಕ ಭೂಮಿ ಸಾರ್ವಜನಿಕರ ಕೆಲಸಕ್ಕೆ ಬರಲಿ, ಏನು ಕೆಲಸ ಎಂಬುದನ್ನು ಸಾರ್ವಜನಿಕರ ಎದುರಿಗೆ ತೀರ್ಮಾನಿಸಿ ಎಂದು.

ಕರಾರು ಮುಗಿದಿದೆ, ಈಗ ಹಿಂದೆ ಸರಿಯಲಾಗದು ಎಂಬ ಉತ್ತರ ಬರಬಹುದು. ಬೆಂಗಳೂರು ಅದಕ್ಕಿಂತ ದೊಡ್ಡ ತೀರ್ಮಾನಗಳಿಂದ ಹಿಂದೆ ಸರಿದಿದೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉಕ್ಕಿನ ಮೇಲ್ಸೇತುವೆಗೆ ಸರ್ಕಾರ ಒಪ್ಪಿಗೆ ಕೊಟ್ಟಿತ್ತು, 812 ಮರಗಳು ಹೋಗಲಿದ್ದವು, ಅಂದಾಜು 1,791 ಕೋಟಿ ರೂಪಾಯಿ. 2016ರ ಅಕ್ಟೋಬರ್‌ನಲ್ಲಿ ಜನ ಕೈಕೈ ಹಿಡಿದು ಬೀದಿಯಲ್ಲಿ ನಿಂತರು, 2017ರ ಮಾರ್ಚ್‌ನಲ್ಲಿ ಯೋಜನೆ ರದ್ದಾಯಿತು. ಇಲ್ಲಿ ಆ ಹಂತಕ್ಕೆ ಹೋಗಬೇಕಾದ ಅಗತ್ಯ ಬರಬಾರದು. ಈ ಜಾಗವನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸುವ ಇಂಗಿತವನ್ನು ರಾಜ್ಯದ ಅರಣ್ಯ ಸಚಿವರು ವ್ಯಕ್ತಪಡಿಸಿದ್ದಾರೆ. 2002ರ ಜೈವಿಕ ವೈವಿಧ್ಯ ಕಾಯ್ದೆಯ 37ನೇ ಕಲಂ ಸ್ಥಳೀಯ ಸಂಸ್ಥೆಗಳ ಜೊತೆ ಸಮಾಲೋಚಿಸಿ ಹಾಗೆ ಮಾಡುವ ಅಧಿಕಾರವನ್ನು ರಾಜ್ಯಕ್ಕೆ ಕೊಡುತ್ತದೆ. ದೇವನಹಳ್ಳಿಯ ನಲ್ಲೂರು ಹುಣಸೆ ತೋಪು 2007ರಲ್ಲಿ ಆ ಮನ್ನಣೆ ಪಡೆದ ದೇಶದ ಮೊದಲ ತಾಣ, ನಗರದೊಳಗಿನ ಜಿಕೆವಿಕೆ ಆವರಣಕ್ಕೂ ಅದು ಸಿಕ್ಕಿದೆ. ನಾನು ಈ ಇಂಗಿತವನ್ನು ಸ್ವಾಗತಿಸುತ್ತೇನೆ. ಆದರೂ ರಾಜ್ಯ ಒಂದು ಕಡೆ ಎಳೆದು ಕೇಂದ್ರದ ಸಂಸ್ಥೆ ಇನ್ನೊಂದು ಕಡೆ ಎಳೆದು ನ್ಯಾಯಾಲಯದಲ್ಲಿ ವರ್ಷಗಟ್ಟಲೆ ನಿಲ್ಲುವುದಕ್ಕಿಂತ, ನೀವೇ ಮುಂದಾಗಿ ಜನರ ಜೊತೆ ಕೂರುವುದು ರೈಲ್ವೆಗೂ ಊರಿಗೂ ಒಳ್ಳೆಯದು.

ಅದಕ್ಕಾಗಿ ನಿಮ್ಮಲ್ಲಿ ಕೇಳುವುದು ಇಷ್ಟು. ಗುತ್ತಿಗೆಯ ಕರಾರು, ಈ ಭೂಮಿ ರೈಲು ಓಡಿಸಲು ಬೇಕಾಗಿಲ್ಲ ಎಂದ ಟಿಪ್ಪಣಿ, ಕಟ್ಟಡದ ಉದ್ದೇಶಿತ ವಿಸ್ತೀರ್ಣ ಮತ್ತು ಬೇಸ್‌ಮೆಂಟಿನ ನಕ್ಷೆ, ಸಂಚಾರ ಹಾಗೂ ನೀರಿನ ಅಂದಾಜು, ಇವನ್ನು ಕನ್ನಡದಲ್ಲೂ ಪ್ರಕಟಿಸಿ. ಪ್ರಕಟಿಸಿದ ಮೇಲೆ ಜನ ಓದಿ ಅರ್ಥಮಾಡಿಕೊಳ್ಳಲು ಒಂದೆರಡು ತಿಂಗಳು ಕೊಟ್ಟು, ಶಿವಾಜಿನಗರ ಅಥವಾ ವಸಂತನಗರದಲ್ಲೇ, ಕೆಲಸಕ್ಕೆ ಹೋಗುವವರೂ ಬರಬಲ್ಲ ಭಾನುವಾರವೊಂದರಂದು ಬಹಿರಂಗ ವಿಚಾರಣೆ ನಡೆಸಿ. ಅಲ್ಲಿ ಕನ್ನಡದ ಜೊತೆಗೆ ಉರ್ದು, ತಮಿಳಿನಲ್ಲೂ ಮಾತಾಡಲು, ಕೇಳಿಸಿಕೊಳ್ಳಲು ಏರ್ಪಾಡಿರಲಿ. ನೈಋತ್ಯ ರೈಲ್ವೆ, ಉಪನಗರ ರೈಲು ಕಟ್ಟುವ ಕೆ-ರೈಡ್, ಬೆಂಗಳೂರು ಮೆಟ್ರೊ, ಜಲಮಂಡಳಿ ಮತ್ತು ಸಂಚಾರ ಪೊಲೀಸರು ಅದೇ ವೇದಿಕೆಯ ಮೇಲೆ ಕೂತು ಉತ್ತರ ಕೊಡಲಿ, ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸಲು ಎಡೆಯಿಲ್ಲದಂತೆ. ಆ ವಿಚಾರಣೆಯ ವರದಿ ಬಂದು, ನಿಮ್ಮ ಪ್ರಾಧಿಕಾರ ಅದರ ಮೇಲೆ ಕಾರಣ ಸಹಿತ ಆದೇಶ ಮಾಡುವವರೆಗೆ ಆ ಆವರಣದಲ್ಲಿ ಒಂದು ಮರದ ಕೊಂಬೆಯನ್ನೂ ಕಡಿಯುವುದಿಲ್ಲ, ಮಣ್ಣು ಅಗೆಯುವುದಿಲ್ಲ ಎಂದು ಲಿಖಿತವಾಗಿ ತಿಳಿಸಿ. ದಾಖಲೆಗಳನ್ನು ಯಾವ ದಿನಾಂಕದೊಳಗೆ ಪ್ರಕಟಿಸುತ್ತೀರಿ ಮತ್ತು ವಿಚಾರಣೆಗೆ ಪ್ರಾಧಿಕಾರದ ಯಾವ ಸದಸ್ಯರು ಬೆಂಗಳೂರಿಗೆ ಬರುತ್ತೀರಿ ಎಂಬ ಉತ್ತರಕ್ಕಾಗಿ ಕಾಯುತ್ತಿದ್ದೇವೆ.

ಇತಿ,
ವಸಂತನಗರದ ನಿವಾಸಿಗಳ ಪರವಾಗಿ ಒಬ್ಬ ನೆರೆಯವ